ಸ್ಟ್ಯಾಂಡಿಗೆ ಕಟ್ಟಿದ ಡೀಸೆಲ್ ಇಂಜಿನ್ ಮೂತಿ ಇಳಿಬಿಟ್ಟರೆ: ದೋಷ ಹುಡುಕುವ ಕ್ರಮ

ಇಂಜಿನ್ ಸ್ಟ್ಯಾಂಡ್ ಹೇಳದೆ ಕೇಳದೆ ಮುರಿದುಬೀಳುವುದು ಅಪರೂಪ. ಅದಕ್ಕೂ ಮೊದಲು ಸೂಚನೆ ಕೊಟ್ಟಿರುತ್ತದೆ. ಕ್ರ್ಯಾಂಕ್ ಪುಲ್ಲಿ ಕಡೆಯ ಮೂತಿ, ಅಂದರೆ ಇಂಜಿನ್ನಿನ ಮುಂದಿನ ತುದಿ, ನಿನ್ನೆಗಿಂತ ಬೆರಳಷ್ಟು ಕೆಳಗಿರುತ್ತದೆ. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿದ ಮೇಲೆ ಬ್ಲಾಕ್ (ಇಂಜಿನ್ನಿನ ಎರಕದ ದೇಹ) ತಿರುಗಿಸಲು ಹೋದರೆ ಹ್ಯಾಂಡಲ್ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ತಳ್ಳುವಾಗ ಮುಂದಿನ ಗಾಲಿ ಫರಸಿಯ (ಹಾಸುಗಲ್ಲಿನ) ಸಂದಿಯಲ್ಲಿ ಕೂತು ಏಳುವುದಿಲ್ಲ. ಇವನ್ನೆಲ್ಲ ಬೇರೆ ಬೇರೆ ತೊಂದರೆ ಎಂದುಕೊಂಡು ಒಬ್ಬರು ಬೋಲ್ಟ್ ಬಿಗಿ ಮಾಡುತ್ತಾರೆ, ಇನ್ನೊಬ್ಬರು ಗಾಲಿ ಬದಲಿಸುತ್ತಾರೆ. ಹೆಚ್ಚಿನ ಸಲ ಮೂಲ ಒಂದೇ ಆಗಿರುತ್ತದೆ: ಇಂಜಿನ್ನಿನ ತೂಕವಲ್ಲ, ಆ ತೂಕ ಕಂಬದಿಂದ ಎಷ್ಟು ದೂರದಲ್ಲಿ ನೇತಾಡುತ್ತಿದೆ ಎಂಬುದು. ತುಂಬಿದ ಕೊಡವನ್ನು ಸೊಂಟಕ್ಕೊತ್ತಿ ಹಿಡಿಯುವುದಕ್ಕೂ ತೋಳು ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಸ್ಟ್ಯಾಂಡಿನ ಮೇಲೆ ಬರೆದಿರುವ ‘1 ಟನ್’ ಎಂಬ ಅಂಕಿ ಕೊಡ ಎಷ್ಟು ತೂಗಬಹುದು ಎಂದಷ್ಟೇ ಹೇಳುತ್ತದೆ, ತೋಳಿನ ಉದ್ದವನ್ನು ಹೇಳುವುದಿಲ್ಲ.

ಪುಣೆಯ ಭೋಸರಿ, ಚಾಕಣ, ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಟ್ರಕ್ ಮತ್ತು ಜನರೇಟರ್ ಇಂಜಿನ್ ಬಿಚ್ಚುವ ನಮ್ಮ ಕಲಬುರಗಿ, ವಿಜಯಪುರ, ಬೀದರ್ ಕಡೆಯವರಿಗೂ, ಗೋವಾದ ವಾಸ್ಕೋ, ಕುಟ್ಬಣ ಜೆಟ್ಟಿಗಳಲ್ಲಿ ಟ್ರಾಲರ್ ಇಂಜಿನ್ ಇಳಿಸುವವರಿಗೂ ಉಪಯೋಗವಾಗಲೆಂದು ಇದನ್ನು ಬರೆದದ್ದು. ಇಲ್ಲಿ ಹೇಳುವುದೆಲ್ಲ 300ರಿಂದ 600 ಕೆಜಿಯೊಳಗಿನ ನಾಲ್ಕು ಮತ್ತು ಆರು ಸಿಲಿಂಡರ್ ಇಂಜಿನ್ನುಗಳ ಬಗ್ಗೆ, ಅದೂ ಹಿಂಭಾಗದಿಂದ, ಅಂದರೆ ಫ್ಲೈವೀಲ್ ಕಡೆಯಿಂದ ಕಟ್ಟುವ ಒಂಟಿ ಕಂಬದ ಸ್ಟ್ಯಾಂಡಿನ ಬಗ್ಗೆ. ಅಂಥ ಸ್ಟ್ಯಾಂಡಿನಲ್ಲಿ ಕಂಬದ ಮೇಲೊಂದು ಗೂಡು, ಅದರೊಳಗೆ ತಿರುಗುವ ನಳಿಗೆ, ನಳಿಗೆಯ ತುದಿಗೆ ಪ್ಲೇಟು, ಪ್ಲೇಟಿಗೆ ನಾಲ್ಕು ತೋಳು ಇರುತ್ತವೆ; ತೋಳುಗಳ ಪಾದವನ್ನು ಬ್ಲಾಕಿಗೆ ಬೋಲ್ಟ್ ಹಾಕಿ ಕಟ್ಟುತ್ತಾರೆ.

ಅನುಮಾನ ಬಂದ ಕೂಡಲೇ

ಇಂಜಿನ್ ಮೇಲಿರುವಾಗ ಏನಾದರೂ ಸರಿಯಿಲ್ಲ ಅನ್ನಿಸಿದರೆ ಬೋಲ್ಟಿಗೆ ಪಾನಾ (ಸ್ಪ್ಯಾನರ್) ಹಾಕಬೇಡಿ. ತುದಿ ತೂತಿನ ತಳಕ್ಕೆ ತಾಗಿದ ಬೋಲ್ಟನ್ನು ಇನ್ನೂ ತಿರುಗಿಸಿದರೆ ಅದು ಬಿಗಿಯಾಗುವುದಿಲ್ಲ, ತುಂಡಾಗುತ್ತದೆ. ಮೊದಲು ಚೈನ್ ಕಪ್ಪಿ ಅಥವಾ ಕ್ರೇನ್ ತಂದು, ಇಂಜಿನ್ನಿನದೇ ಎತ್ತುವ ಕೊಂಡಿಗಳಿಗೆ ಪಟ್ಟಾ ಹಾಕಿ, ಮೂತಿ 1 ಮಿಮೀ ಮೇಲೇಳುವಷ್ಟು ಎಳೆದು ನಿಲ್ಲಿಸಿ. ಕೆಳಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ. ಆದರೆ ದಿಮ್ಮಿಯನ್ನು ಆಯಿಲ್ ಚೇಂಬರಿಗೆ ಕೊಡಬೇಡಿ. ತಗಡಿನದಾದರೆ ಒಳಗೆ ತಗ್ಗು ಬಿದ್ದು ಆಯಿಲ್ ಪಂಪಿನ ಜಾಲರಿಗೆ ತಾಗುತ್ತದೆ, ಅಲ್ಯೂಮಿನಿಯಂ ಆದರೆ ಬಿರಿಯುತ್ತದೆ. ಮುಂದಿನ ಮೌಂಟಿಂಗ್ ಬ್ರಾಕೆಟ್ಟಿನ ಕೆಳಗೇ ಕೊಡಿ.

ಚೈನ್ ಕಪ್ಪಿಯನ್ನು ಎಲ್ಲಿ ನೇತುಹಾಕುತ್ತೀರಿ ಎಂಬುದನ್ನೂ ನೋಡಿಕೊಳ್ಳಬೇಕು. ಪತ್ರಾ ಶೆಡ್ಡಿನ ಚಾವಣಿಯ ಆಂಗಲ್ಲುಗಳನ್ನು ಹೊದಿಕೆ ಮತ್ತು ಗಾಳಿಯ ಲೆಕ್ಕಕ್ಕೆ ಹಾಕಿರುತ್ತಾರೆ. ಒಂದೇ ಜಾಗದಲ್ಲಿ 500 ಕೆಜಿ ಹೊರುವ ಲೆಕ್ಕ ಅದರಲ್ಲಿಲ್ಲ. ಮೂರು ಕಾಲಿನ ಘೋಡಿ ಅಥವಾ ನೆಲದ ಕ್ರೇನೇ ಸರಿ. ಮಡಚುವ 2 ಟನ್ ಕ್ರೇನ್ ಆದರೆ ಅದರ ತೋಳಿನ ತೂತುಗಳ ಪಕ್ಕದಲ್ಲಿ ಬರೆದಿರುವುದನ್ನು ಓದಿ. ತೋಳನ್ನು ಪೂರ್ತಿ ಹೊರಗೆಳೆದಾಗ ಅಂಥ ಹಲವು ಕ್ರೇನುಗಳ ಮಿತಿ ಅರ್ಧ ಟನ್ನಿಗೆ ಇಳಿದಿರುತ್ತದೆ. ಇಲ್ಲೂ ಅದೇ ದೂರದ ಲೆಕ್ಕ.

ಎರಡು ಅಳತೆ ಬೇಕೇ ಬೇಕು

ಒಂದನೆಯದು ತೂಕ. ನಾಲ್ಕು ಸಿಲಿಂಡರಿನ ಕಮ್ಮಿನ್ಸ್ 4ಬಿಟಿ ಒಣಗಿದ್ದಾಗ, ಅಂದರೆ ಆಯಿಲ್, ಕೂಲಂಟ್ ಇಲ್ಲದಾಗ, ಸುಮಾರು 320ರಿಂದ 350 ಕೆಜಿ. ಆರು ಸಿಲಿಂಡರಿನ 6ಬಿಟಿ ಟರ್ಬೊ, ಸ್ಟಾರ್ಟರ್, ಫ್ಲೈವೀಲ್ ಎಲ್ಲ ಸೇರಿ 450ರಿಂದ 500ರ ಆಸುಪಾಸು. ಇದು ಅಂದಾಜು ಮಾತ್ರ, ಯಾಕೆಂದರೆ ಒಂದೇ ಬ್ಲಾಕಿನ ಮೇಲೆ ಒಂದರಲ್ಲಿ ಕಂಪ್ರೆಸರ್ ಇರುತ್ತದೆ, ಇನ್ನೊಂದರಲ್ಲಿ ಸಮುದ್ರದ ನೀರಿನ ಹೀಟ್ ಎಕ್ಸ್‌ಚೇಂಜರ್ ಇರುತ್ತದೆ. ಕೊಂಡಿಗೆ ಹಾಕುವ ತೂಗುಕಾಟಾ ಇದ್ದರೆ ಸುಲಭ. ಇಲ್ಲವಾದರೆ ಎಂಐಡಿಸಿಯ (ಮಹಾರಾಷ್ಟ್ರದ ಕೈಗಾರಿಕಾ ಪ್ರದೇಶ) ಧರ್ಮಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಾಟಾದಲ್ಲಿ, ಟೆಂಪೊವನ್ನು ಇಂಜಿನ್ ಸಮೇತ ಒಮ್ಮೆ, ಖಾಲಿ ಒಮ್ಮೆ ತೂಗಿಸಿ ಕಳೆಯಿರಿ. ಹತ್ತು-ಇಪ್ಪತ್ತು ಕೆಜಿ ಹೆಚ್ಚುಕಮ್ಮಿಯಾದರೆ ಈ ಕೆಲಸಕ್ಕೆ ತೊಂದರೆಯಿಲ್ಲ. ತೂಗಿಸುವಾಗ ಆಯಿಲ್ ಮತ್ತು ಕೂಲಂಟ್ ಪೂರ್ತಿ ಇಳಿಸಿರಬೇಕು.

ಎರಡನೆಯದು ತೂಕದ ಕೇಂದ್ರ. ಇದನ್ನು ಅಳೆಯುವವರು ಕಡಿಮೆ, ಆದರೆ ಇದಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಇಂಜಿನ್ನನ್ನು ಒಂದೇ ಕೊಕ್ಕೆಯಿಂದ ನೆಲಬಿಟ್ಟು ಅರ್ಧ ಅಡಿ ಎತ್ತಿ. ತೂಗಾಟ ನಿಂತ ಮೇಲೆ ಕೊಕ್ಕೆಯ ನಡುವಿನಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಡಿ. ದಾರ ಬ್ಲಾಕಿನ ಪಕ್ಕದಲ್ಲಿ ಎಲ್ಲಿ ಹಾದುಹೋಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಮೇಲಿಂದ ಕೆಳಗಿನವರೆಗೆ ಗೆರೆ ಎಳೆಯಿರಿ. ಈಗ ಇಳಿಸಿ, ಪಟ್ಟಾದ ಉದ್ದ ಬದಲಿಸಿ, ಇಂಜಿನ್ 15–20 ಡಿಗ್ರಿ ವಾಲುವಂತೆ ಮತ್ತೆ ಎತ್ತಿ ಅದೇ ರೀತಿ ಎರಡನೇ ಗೆರೆ ಎಳೆಯಿರಿ. ನೇತಾಡುವ ವಸ್ತುವಿನ ತೂಕದ ಕೇಂದ್ರ ಯಾವಾಗಲೂ ಕೊಕ್ಕೆಯ ನೇರ ಕೆಳಗೇ ಬಂದು ನಿಲ್ಲುವುದರಿಂದ ಎರಡು ಗೆರೆ ಕೂಡುವ ಜಾಗವೇ ಕೇಂದ್ರ. ಅಲ್ಲಿ ಪೇಂಟಿನಿಂದ ಒಂದು ಚುಕ್ಕೆ ಇಡಿ. ಚುಕ್ಕೆಯಿಂದ ಬ್ಲಾಕಿನ ಹಿಂಮುಖಕ್ಕೆ ಎಷ್ಟು ದೂರ, ಕ್ರ್ಯಾಂಕಿನ ನಡುಗೆರೆಯಿಂದ ಎಷ್ಟು ಎತ್ತರ ಎಂದು ಅಳೆದು ಬ್ಲಾಕಿನ ಮೇಲೆಯೇ ಬರೆಯಿರಿ. ಸಾಲು ಸಿಲಿಂಡರ್ ಇಂಜಿನ್ನಿನಲ್ಲಿ ಕೇಂದ್ರ ಕ್ರ್ಯಾಂಕಿಗಿಂತ ಮೇಲೇ ಇರುತ್ತದೆ. ಎಷ್ಟು ಮೇಲೆ ಎಂಬುದನ್ನು ಊಹಿಸುವ ಬದಲು ಅಳೆಯಬೇಕು.

450 ಕೆಜಿ ಇಂಜಿನ್, ಕೇಂದ್ರ ಸ್ಟ್ಯಾಂಡಿನ ಪ್ಲೇಟಿನಿಂದ 450 ಮಿಮೀ ಆಚೆ ಎಂದುಕೊಳ್ಳಿ. ಪ್ಲೇಟನ್ನು ಬಗ್ಗಿಸುವ ಬಲ ಸುಮಾರು 200 ಕೆಜಿ-ಮೀಟರ್, ಅಂದರೆ 2,000 ನ್ಯೂಟನ್-ಮೀಟರ್ ಆಗುತ್ತದೆ. ಬ್ಲಾಕಿಗೂ ತೋಳಿಗೂ ನಡುವೆ 100 ಮಿಮೀ ಬುಷ್ (ಬೋಲ್ಟಿನ ಸುತ್ತ ಕೂರುವ ಅಂತರದ ನಳಿಕೆ) ಸೇರಿಸಿದರೆ ಇದೇ ಬಲ ಸುಮಾರು 2,430ಕ್ಕೆ ಏರುತ್ತದೆ. ಇಂಜಿನ್ನಿನ ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ.

ಮೂತಿ ಇಳಿದಿದೆ: ಎಲ್ಲಿಂದ ಇಳಿಯಿತು?

ಮೂತಿ ಸ್ವಲ್ಪ ಇಳಿಯುವುದೇ ದೋಷವಲ್ಲ. ಇಳಿಯುತ್ತಲೇ ಇದ್ದರೆ ಅದು ದೋಷ. ಹಾಗಾಗಿ ಕ್ರ್ಯಾಂಕ್ ಪುಲ್ಲಿಯ ಕೆಳ ಅಂಚಿನಿಂದ ನೆಲಕ್ಕೆ ಸ್ಟೀಲ್ ಟೇಪಿನಿಂದ ಅಳೆದು ಬರೆದಿಡಿ: ಕೊಕ್ಕೆ ಸಡಿಲಿಸಿದ ತಕ್ಷಣ ಒಮ್ಮೆ, ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಮರುದಿನ ಬೆಳಿಗ್ಗೆ ಒಮ್ಮೆ. ಟೇಪ್ ಇಟ್ಟ ನೆಲದ ಮೇಲೂ ಒಂದು ಗುರುತು ಇರಲಿ, ಪ್ರತಿ ಸಲ ಅಲ್ಲೇ ಅಳೆಯಬೇಕು. ಮರುದಿನದ ಅಳತೆ ಮುಗಿಯುವವರೆಗೆ ಮುಂಭಾಗದ ಕೆಳಗೆ ದಿಮ್ಮಿ ಇದ್ದೇ ಇರಬೇಕು, ಬ್ರಾಕೆಟ್ಟಿಗೂ ದಿಮ್ಮಿಗೂ ನಡುವೆ 25 ಮಿಮೀ ಸಂದಿ ಬಿಟ್ಟು.

ಭಾರ ಬಿದ್ದಾಗ ಒಮ್ಮೆ ಇಳಿದು ಅಲ್ಲೇ ನಿಂತರೆ, ತಿರುಗುವ ನಳಿಗೆಗೂ ಅದರ ಹೊರಗಿನ ಗೂಡಿಗೂ ಇರುವ ಸಡಿಲವೇ ಕಾರಣ. 150 ಮಿಮೀ ಉದ್ದದ ಗೂಡಿನಲ್ಲಿ 2 ಮಿಮೀ ಸಡಿಲ ಇದ್ದರೆ, 1 ಮೀಟರ್ ಆಚೆ ಇರುವ ಪುಲ್ಲಿಯಲ್ಲಿ ಅದು ಸುಮಾರು 13 ಮಿಮೀ ಆಗಿ ಕಾಣುತ್ತದೆ. ನೋಡಿದರೆ ಭಯವಾಗುತ್ತದೆ, ಆದರೆ ಅದು ಅಲ್ಲಿಗೇ ನಿಲ್ಲುತ್ತದೆ. ಒಳ್ಳೆಯ ಸ್ಟ್ಯಾಂಡುಗಳಲ್ಲಿ ಗೂಡನ್ನು ಇದಕ್ಕಾಗಿಯೇ ಎರಡು-ಮೂರು ಡಿಗ್ರಿ ಮೇಲ್ಮುಖವಾಗಿ ಬೆಸೆದಿರುತ್ತಾರೆ.

ಅಳತೆ ಪ್ರತಿ ಸಲ ಕಡಿಮೆಯಾಗುತ್ತಿದ್ದರೆ ಮೂರು ಕಡೆ ನೋಡಬೇಕು. ಬ್ಲಾಕಿನ ಮುಖಕ್ಕೂ ಮೇಲಿನ ಎರಡು ತೋಳುಗಳ ಪಾದಕ್ಕೂ ನಡುವೆ 0.05 ಮಿಮೀ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತುರುಕಿ ನೋಡಿ. ಒಳಗೆ ಹೋದರೆ ಜೋಡಣೆಯೇ ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ತೋಳು ಮತ್ತು ಪ್ಲೇಟಿನ ಮೇಲೆ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆದಿಟ್ಟಿದ್ದರೆ, ಆ ಗೆರೆ ಒಡೆದಿದೆಯೇ ನೋಡಿ. ಒಡೆದಿದ್ದರೆ ಉದ್ದತೂತಿನಲ್ಲಿ ತೋಳು ಜಾರುತ್ತಿದೆ. ಇವೆರಡೂ ಸರಿಯಿದ್ದರೆ ಕಂಬಕ್ಕೆ ತೂಗುಗುಂಡು ಹಿಡಿಯಿರಿ. ಭಾರ ಇಲ್ಲದಾಗ ಇದ್ದುದಕ್ಕಿಂತ ಕಂಬ ಮುಂದಕ್ಕೆ ವಾಲಿದ್ದರೆ ದೋಷ ಕಂಬದಲ್ಲಿದೆ ಇಲ್ಲವೇ ನೆಲದಲ್ಲಿದೆ.

ಜೋಡಣೆ ಬಿಚ್ಚಿಕೊಳ್ಳಲು ನಾಲ್ಕೈದು ಕಾರಣ ಇರುತ್ತವೆ. ಅತಿ ಸಾಮಾನ್ಯವಾದದ್ದು ತಳ ಮುಟ್ಟಿದ ಬೋಲ್ಟ್. ಬ್ಲಾಕಿನ ಹಿಂದಿನ ತೂತುಗಳಲ್ಲಿ ಹೆಚ್ಚಿನವು ಆರಪಾರ ಇರುವುದಿಲ್ಲ. ತುದಿ ತಳ ಮುಟ್ಟಿದ ಕೂಡಲೇ ಟಾರ್ಕ್ ಪಾನಾ ಟಕ್ಕೆನ್ನುತ್ತದೆ, “ಟೈಟ್ ಆತ್ರಿ ಮಿಸ್ತ್ರಿ” ಎಂದು ಹುಡುಗ ಹೇಳುತ್ತಾನೆ. ಬೋಲ್ಟ್ ನಿಜಕ್ಕೂ ಬಿಗಿಯಾಗಿದೆ, ತೋಳು ಬಿಗಿಯಾಗಿಲ್ಲ. ಕಂಡುಹಿಡಿಯುವುದು ಸುಲಭ: ಬೋಲ್ಟಿನ ತಲೆಯ ಕೆಳಗಿನ ವಾಶರನ್ನು ಸ್ಕ್ರೂಡ್ರೈವರ್ ತುದಿಯಿಂದ ತಿರುಗಿಸಿ ನೋಡಿ. ತಿರುಗಿದರೆ ಅದು ಒತ್ತಡದಲ್ಲಿಲ್ಲ.

ಉದ್ದದ ಲೆಕ್ಕ ಹೀಗೆ ಹಾಕಬೇಕು. ವರ್ನಿಯರಿನ ಬಾಲ ಇಳಿಸಿ ತೂತಿನ ಆಳ ಅಳೆಯಿರಿ, 26 ಮಿಮೀ ಬಂತು ಎನ್ನಿ. ಎರಕದ ಕಬ್ಬಿಣದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ ಹಿಡಿಯಬೇಕು: ಎಂ10ಕ್ಕೆ (10 ಮಿಮೀ ದಪ್ಪದ ಮೆಟ್ರಿಕ್ ಬೋಲ್ಟ್) 15 ಮಿಮೀ, ಎಂ12ಕ್ಕೆ 18. ಅಲ್ಯೂಮಿನಿಯಂ ಹೌಸಿಂಗ್ ಆದರೆ ಎರಡು ಪಟ್ಟು. ತೋಳಿನ ದಪ್ಪ 16, ಬುಷ್ 50, ವಾಶರ್ 3, ಒಟ್ಟು 69. ಇದಕ್ಕೆ 90 ಮಿಮೀ ಎಂ12 ಬೋಲ್ಟ್ ಹಾಕಿದರೆ 21 ಮಿಮೀ ಒಳಗೆ ಹಿಡಿಯುತ್ತದೆ, ತಳದಲ್ಲಿ 5 ಮಿಮೀ ಉಳಿಯುತ್ತದೆ. ಅಂಗಡಿಯಲ್ಲಿ 90 ಇಲ್ಲವೆಂದು 100 ತಂದರೆ 31 ಮಿಮೀ ಒಳಗೆ ಹೋಗಬೇಕು, ಇರುವ ಆಳ 26. ಅಲ್ಲಿಗೆ ಕತೆ ಮುಗಿಯಿತು. ಹೆಚ್ಚಾದದ್ದಕ್ಕೆ ನಾಲ್ಕು ವಾಶರ್ ಪೇರಿಸುವುದೂ ಪರಿಹಾರವಲ್ಲ, ಪ್ರತಿ ವಾಶರಿನ ನಡುವೆಯೂ ಸಡಿಲಾಗಲು ಒಂದೊಂದು ಮುಖ ಸಿಗುತ್ತದೆ. ಬೋಲ್ಟನ್ನೇ ಕತ್ತರಿಸಿ ತುದಿ ಅರೆದು ಥ್ರೆಡ್ ಸರಿಪಡಿಸಿ.

8.8 ದರ್ಜೆಯ (ಗಟ್ಟಿತನದ ಗುರುತು) ಬೋಲ್ಟಿಗೆ, ಥ್ರೆಡ್ಡಿಗೆ ತೆಳ್ಳಗೆ ಎಣ್ಣೆ ಸವರಿದ್ದರೆ, ಎಂ10ಕ್ಕೆ 45 ಮತ್ತು ಎಂ12ಕ್ಕೆ 80 ನ್ಯೂಟನ್-ಮೀಟರ್ ಸಾಕು. ತಲೆಯ ಮೇಲೆ ದರ್ಜೆಯ ಗುರುತೇ ಇಲ್ಲದ ಬೋಲ್ಟನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಎರಡನೇ ಕಾರಣ ಥ್ರೆಡ್ಡಿನ ಬೆರಕೆ, ಇದು ಹೆಚ್ಚು ಅಪಾಯಕಾರಿ. ಫ್ಲೈವೀಲ್ ಹೌಸಿಂಗಿನ ಅಳತೆಗಳು ಎಸ್‌ಎಇ ಸಂಖ್ಯೆಯಲ್ಲಿ (ಅಮೆರಿಕದ ವಾಹನ ಇಂಜಿನಿಯರುಗಳ ಸಂಘದ ಮಾನಕ) ಬರುತ್ತವೆ. ಎಸ್‌ಎಇ 3 ಆದರೆ 428.6 ಮಿಮೀ ವೃತ್ತದಲ್ಲಿ 12 ತೂತು, ಎಸ್‌ಎಇ 2 ಆದರೆ 466.7 ಮಿಮೀ ವೃತ್ತದಲ್ಲಿ 12 ತೂತು. ವೃತ್ತ ಒಂದೇ ಇದ್ದರೂ ಥ್ರೆಡ್ ಒಂದರಲ್ಲಿ 3/8 ಇಂಚು ದಪ್ಪದ, ಇಂಚಿಗೆ 16 ಎಳೆಯದು ಇರುತ್ತದೆ, ಇನ್ನೊಂದರಲ್ಲಿ ಎಂ10. 3/8 ಬೋಲ್ಟಿನ ದಪ್ಪ 9.5 ಮಿಮೀ, ಎಳೆಗಳ ಅಂತರ 1.59. ಎಂ10ರ ಅಂತರ 1.5. ಅಷ್ಟು ಹತ್ತಿರ ಇರುವುದರಿಂದ 3/8 ಬೋಲ್ಟ್ ಎಂ10 ತೂತಿಗೆ ಕೈಯಿಂದಲೇ ಸಲೀಸಾಗಿ ಕೆಲವು ಸುತ್ತು ಹೋಗುತ್ತದೆ. 7/16 ಬೋಲ್ಟ್ ಎಂ12 ತೂತಿಗೆ ಹೋಗುವುದೂ ಹೀಗೆಯೇ: 11.1 ಮಿಮೀ ದಪ್ಪ, 1.81 ಅಂತರ, ಎಂ12ರದ್ದು 1.75. ಎಳೆಗಳ ತುದಿಗಳಷ್ಟೇ ಒಂದಕ್ಕೊಂದು ಸಿಕ್ಕಿರುತ್ತವೆ. ಪಾನಾಕ್ಕೆ ಬಿಗಿ ಅನ್ನಿಸುತ್ತದೆ, ಭಾರ ಬಿದ್ದು ಕೆಲ ಗಂಟೆಯಾದ ಮೇಲೆ ಎಳೆ ಸಮೇತ ಕಿತ್ತು ಬರುತ್ತದೆ.

ಪುಣೆಯ ಜುನಾ ಬಜಾರಿನಿಂದಲೋ ಕುರ್ಲಾದ ಗುಜರಿಯಿಂದಲೋ ತಂದ ಬೋಲ್ಟಿನ ಡಬ್ಬಿಯಲ್ಲಿ ಎರಡೂ ಜಾತಿ ಬೆರೆತೇ ಇರುತ್ತವೆ. ಮೂರು ಸುತ್ತು ಕೈಯಿಂದ ಹಾಕಿ ತಲೆ ಹಿಡಿದು ಅಲ್ಲಾಡಿಸಿ. ಸರಿಯಾದ ಬೋಲ್ಟ್ ಕೂದಲಷ್ಟು ಅಲುಗುತ್ತದೆ, ತಪ್ಪಾದದ್ದು ಕಣ್ಣಿಗೆ ಕಾಣುವಷ್ಟು ಆಡುತ್ತದೆ. ಅನುಮಾನ ಉಳಿದರೆ ವರ್ನಿಯರ್ ಹಾಕಿ: 9.4–9.5 ಬಂದರೆ 3/8, 9.8–9.9 ಬಂದರೆ ಎಂ10. ಹೊಸ ಬೋಲ್ಟನ್ನು ದರ್ಜೆ ಹೇಳಿ, ಬಿಲ್ ಪಡೆದು ತನ್ನಿ. ಮುಂಬೈಯಲ್ಲಾದರೆ ನಾಗದೇವಿಯಲ್ಲಿ ಇಂಚಿನದೂ ಮೆಟ್ರಿಕ್ಕಿನದೂ ಎರಡೂ ಸಿಗುತ್ತವೆ. ಒಂದು ಇಂಜಿನ್ನಿಗೆ ನಾಲ್ಕು ಬೋಲ್ಟಿನ ಖರ್ಚು ಉಳಿಸಲು ಹೋಗುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಟ್ರಾಲರ್ ಇಂಜಿನ್ನುಗಳಲ್ಲಿ ಇನ್ನೊಂದು ತೊಡಕಿದೆ. ಉಪ್ಪುನೀರು ಕುಡಿದ ತೂತುಗಳಲ್ಲಿ ಎಳೆಯ ಬುಡವೇ ತಿಂದುಹೋಗಿರುತ್ತದೆ. ಕತ್ತರಿಸುವ ಟ್ಯಾಪ್ ಓಡಿಸಿದರೆ ಉಳಿದದ್ದೂ ಹೋಗುತ್ತದೆ. ಹಳೆಯ ಬೋಲ್ಟಿಗೆ ಉದ್ದಕ್ಕೆ ಗರಗಸದ ಗೀರು ಹಾಕಿ, ಡೀಸೆಲ್ ಸವರಿ, ಅದನ್ನೇ ಒಳಗೆ ಹೊರಗೆ ಓಡಿಸಿ ತುಕ್ಕು ತೆಗೆಯಿರಿ. ಆಮೇಲೆ ಗಾಳಿ ಹೊಡೆಯಿರಿ. ತೂತಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಬ್ಲಾಕನ್ನೇ ಬಿರಿಸಬಹುದು.

ಮೂರನೆಯದು ಬುಷ್. ತೆಳು ಪೈಪನ್ನು ಗರಗಸದಲ್ಲಿ ಕೊಯ್ದು ಹಾಕಿದ ಬುಷ್ಷಿನ ಮುಖ ಓರೆಯಾಗಿರುತ್ತದೆ, ಒಂದೇ ಅಂಚಿಗೆ ಭಾರ ಕೂತು ಬೋಲ್ಟ್ ಬಾಗುತ್ತದೆ. ಬುಷ್ ಗಟ್ಟಿಯಾಗಿ ಒತ್ತಿಕೊಂಡಿದ್ದರೆ ಬಾಗಿಸುವ ಬಲವನ್ನು ಅದೇ ತಾಳಿಕೊಳ್ಳುತ್ತದೆ. ಒತ್ತಿಕೊಂಡಿಲ್ಲದಿದ್ದರೆ ಎಲ್ಲ ಬಲವೂ 12 ಮಿಮೀ ಬೋಲ್ಟಿನ ಮೇಲೆ. ಎಂ12ಕ್ಕೆ ಹೊರವ್ಯಾಸ 32, ಒಳತೂತು 12.5 ಇರುವ ಬುಷ್ಷನ್ನು ಲೇತಿನಲ್ಲಿ ಮಾಡಿಸಿ. ನಾಲ್ಕರ ಉದ್ದವೂ 0.1 ಮಿಮೀಯೊಳಗೆ ಸಮ ಇರಬೇಕು. ಬಿಚ್ಚಿದ ಬೋಲ್ಟನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ಕುಪ್ಪಳಿಸಿದರೆ ಎಸೆಯಿರಿ, ಬಡಿದು ನೆಟ್ಟಗೆ ಮಾಡಬೇಡಿ.

ಪೇಂಟನ್ನು ಜನ ದೋಷವೆಂದೇ ಎಣಿಸುವುದಿಲ್ಲ. ಬ್ಲಾಕಿನ ಮುಖದಲ್ಲಿ ಎರಡು-ಮೂರು ಕೋಟ್ ಪೇಂಟ್, ಮೇಲೆ ಗ್ಯಾಸ್ಕೆಟ್ಟಿನ ಚೂರು ಇದ್ದರೆ ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿ ಬಿಗಿ ಕರಗುತ್ತದೆ. ಮಳೆಗಾಲದ ತುಕ್ಕೂ ಹೀಗೆಯೇ ಪುಡಿಯಾಗುತ್ತದೆ. ಪಾದ ಕೂರುವ ನಾಲ್ಕು ಜಾಗಗಳನ್ನು ಲೋಹ ಹೊಳೆಯುವವರೆಗೆ ಕೆರೆದು, ಬಿಗಿ ಮಾಡಿ, ಭಾರ ಬಿಡುವ ಮೊದಲು ಇನ್ನೊಮ್ಮೆ ಟಾರ್ಕ್ ನೋಡಿ.

ತಿರುಗಿಸುವಾಗ ತಡೆಯುತ್ತದೆ, ಇಲ್ಲವೇ ಸಟ್ಟನೆ ಮಗುಚುತ್ತದೆ

ನಳಿಗೆಯ ನಡುಗೆರೆಗೂ ಇಂಜಿನ್ನಿನ ತೂಕದ ಕೇಂದ್ರಕ್ಕೂ ನಡುವಿನ ಅಂತರವೇ ಇದಕ್ಕೆ ಕಾರಣ. 450 ಕೆಜಿಗೆ 40 ಮಿಮೀ ಅಂತರ ಇದ್ದರೆ, 600 ಮಿಮೀ ಹ್ಯಾಂಡಲಿನ ತುದಿಯಲ್ಲಿ 30 ಕೆಜಿ ಒತ್ತಬೇಕು. 100 ಮಿಮೀ ಇದ್ದರೆ 75 ಕೆಜಿ. ಕೇಂದ್ರ ನಳಿಗೆಗಿಂತ ಮೇಲಿದ್ದರೆ ಲಾಕ್ ಪಿನ್ ತೆಗೆದು ಬ್ಲಾಕ್ ವಾಲಿದ ಕೂಡಲೇ ಆ 75 ಕೆಜಿ ನಿಮ್ಮ ಮಣಿಕಟ್ಟನ್ನು ಹುಡುಕಿಕೊಂಡು ಬರುತ್ತದೆ. ಬಹಳಷ್ಟು ಜನ ತೋಳುಗಳನ್ನು ಕ್ರ್ಯಾಂಕಿನ ಸುತ್ತ ಸಮನಾಗಿ ಹಂಚಿ ಕಟ್ಟುತ್ತಾರೆ, ಆಗ ಕೇಂದ್ರ ಮೇಲೇ ಉಳಿದುಬಿಡುತ್ತದೆ. ಮೊದಲು ಇಟ್ಟ ಪೇಂಟಿನ ಚುಕ್ಕೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಇಂಜಿನ್ ಕೊಕ್ಕೆಯಲ್ಲಿರುವಾಗಲೇ ತೋಳುಗಳನ್ನು ಸರಿಸಿ, ನಳಿಗೆಯ ನಡು ಚುಕ್ಕೆಯ ಎತ್ತರಕ್ಕೆ ಅಥವಾ ಅದಕ್ಕಿಂತ 10–15 ಮಿಮೀ ಮೇಲಕ್ಕೆ ಬರುವಂತೆ ಕಟ್ಟಿ. ನಳಿಗೆ ಸ್ವಲ್ಪ ಮೇಲಿದ್ದರೆ ಇಂಜಿನ್ ತಾನಾಗಿ ನೆಟ್ಟಗೆ ನಿಲ್ಲುತ್ತದೆ.

ಇಷ್ಟು ಮಾಡಿದರೂ ಬೆಳಿಗ್ಗೆ ಒಂದೇ ಕೈಗೆ ತಿರುಗಿದ ಬ್ಲಾಕ್ ಸಂಜೆ ತಡೆಯಬಹುದು. ಬಿಚ್ಚುತ್ತಾ ಹೋದಂತೆ ಕೇಂದ್ರ ಸರಿಯುತ್ತದೆ. 450 ಕೆಜಿಯಲ್ಲಿ 50 ಕೆಜಿಯ ಹೆಡ್ ತೆಗೆದಿರಿ, ಅದು ಕೇಂದ್ರಕ್ಕಿಂತ 350 ಮಿಮೀ ಮೇಲಿತ್ತು ಎನ್ನಿ. ಉಳಿದ 400 ಕೆಜಿಯ ಕೇಂದ್ರ ಸುಮಾರು 44 ಮಿಮೀ ಕೆಳಗಿಳಿಯುತ್ತದೆ. ಬೋರಲು ಮಾಡಲು ಈಗ 30 ಕೆಜಿ ಹತ್ತಿರ ಬಲ ಬೇಕು. ಬೋರಲಾದ ಮೇಲೆ ಆ ಕೇಂದ್ರ ನಳಿಗೆಗಿಂತ ಮೇಲೆ ಬಂದಿರುತ್ತದೆ, ಪಿನ್ ಇಲ್ಲದಿದ್ದರೆ ಬ್ಲಾಕ್ ತಾನೇ ಉರುಳಿಬರುತ್ತದೆ. ಬೋರಲು ಸ್ಥಿತಿಯಲ್ಲಿ ಕ್ರ್ಯಾಂಕ್ ತೆಗೆದಾಗ ಕೇಂದ್ರ ಮತ್ತೆ ಇನ್ನೊಂದು ಕಡೆಗೆ ಸರಿಯುತ್ತದೆ. ಆದ್ದರಿಂದ ಹೆಡ್, ಫ್ಲೈವೀಲ್, ಕ್ರ್ಯಾಂಕ್ ಈ ಮೂರರಲ್ಲಿ ಯಾವುದನ್ನು ತೆಗೆದರೂ, ಮುಂದಿನ ಸಲ ತಿರುಗಿಸುವ ಮೊದಲು ಕೊಕ್ಕೆ ಹಾಕಿ, ಹ್ಯಾಂಡಲಿಗೆ ಇಬ್ಬರು ನಿಂತು, ಯಾವ ಕಡೆಗೆ ಎಳೆಯುತ್ತದೆ ಎಂದು ಅಂಗೈಯಷ್ಟು ತಿರುಗಿಸಿ ನೋಡಿ.

ವರ್ಮ್ ಗೇರ್ ಇರುವ ಸ್ಟ್ಯಾಂಡ್ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ ಎಂಬುದು ನಿಜ, ಗೇರ್ ಹೊಸದಿರುವವರೆಗೆ. ಹಲ್ಲು ಸವೆದರೆ ಇಂಜಿನ್ ಎರಡೂ ಕಡೆ ತೊನೆಯುತ್ತದೆ. ತೊನೆದಾಟ ಕಂಡರೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಆಯಿಲಿನಲ್ಲಿ ಹಿತ್ತಾಳೆ ಬಣ್ಣದ ಪುಡಿ ಇದ್ದರೆ ಚಕ್ರ ಮುಗಿದಿದೆ. ಗೇರ್ ಇದ್ದರೂ ಇಲ್ಲದಿದ್ದರೂ ಕೆಲಸ ಮಾಡುವಾಗ ಲಾಕ್ ಪಿನ್ ಹಾಕಿರಲೇಬೇಕು.

ಗಾಲಿ ಮತ್ತು ನೆಲ

ಹಿಂದಿನ ಗಾಲಿಯಿಂದ ಮುಂದಿನದಕ್ಕೆ 1,000 ಮಿಮೀ, ಹಿಂದಿನ ಗಾಲಿಯಿಂದ ತೂಕದ ಕೇಂದ್ರಕ್ಕೆ 800 ಮಿಮೀ ಇದ್ದರೆ ಇಂಜಿನ್ನಿನ ನೂರಕ್ಕೆ 80 ಭಾಗ ಮುಂದಿನ ಗಾಲಿಗಳ ಮೇಲೆ. 450ರಲ್ಲಿ 360 ಕೆಜಿ. ನಾಲ್ಕು ಗಾಲಿಯ ಸ್ಟ್ಯಾಂಡಿನಲ್ಲಿ ಇದು ಎರಡಕ್ಕೆ ಹಂಚುತ್ತದೆ. ಮುಂದೆ ಒಂದೇ ಗಾಲಿ ಇರುವ ಟಿ ಆಕಾರದ್ದಾದರೆ ಪೂರ್ತಿ ಅದರ ಮೇಲೆಯೇ, ಅಡ್ಡಕ್ಕೂ ಆಧಾರವಿಲ್ಲ. ಆರು ಸಿಲಿಂಡರ್ ಡೀಸೆಲ್ಲಿಗೆ ಟಿ ಆಕಾರದ ಸ್ಟ್ಯಾಂಡ್ ಬೇಡವೇ ಬೇಡ. ಕೇಂದ್ರ ಮುಂದಿನ ಗಾಲಿಗಳ ಗೆರೆಗಿಂತ ಕನಿಷ್ಠ 150 ಮಿಮೀ ಒಳಗಿರಬೇಕು. ಅಷ್ಟು ಇಲ್ಲದಿದ್ದರೆ ತಳದ ಕಾಲುಗಳನ್ನು ಉದ್ದ ಮಾಡಿಸಿ.

ಪುಣೆಯ ಹಳೆಯ ಗ್ಯಾರೇಜುಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ ಹಾಸಿರುತ್ತಾರೆ. ಕಲ್ಲು ಗಟ್ಟಿಯೇ, ಅದರ ಕೆಳಗಿನ ಮರಳು ತೊಳೆದುಹೋಗಿ ಪೊಳ್ಳಾಗಿರುವುದೇ ತೊಂದರೆ. 180 ಕೆಜಿ ಒಂದು ಸಣ್ಣ ಗಾಲಿಯಿಂದ ಇಳಿದಾಗ ಹಾಸುಗಲ್ಲು ನಡುವೆ ಸೀಳುತ್ತದೆ, ಮೂತಿ ಇಳಿಯುತ್ತದೆ, ದೋಷ ಸ್ಟ್ಯಾಂಡಿನದು ಎಂದು ಜನ ಹುಡುಕುತ್ತಿರುತ್ತಾರೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ, ಡಬಡಬ ಸದ್ದು ಬಂದ ಕಲ್ಲಿನ ಮೇಲೆ ಸ್ಟ್ಯಾಂಡ್ ನಿಲ್ಲಿಸಬೇಡಿ. ಬೇರೆ ಜಾಗವಿಲ್ಲದಿದ್ದರೆ ಪ್ರತಿ ಗಾಲಿಯ ಕೆಳಗೆ 10 ಮಿಮೀ ದಪ್ಪದ, 300 ಮಿಮೀ ಚೌಕದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಹಾಕಿ. ಗಾಲಿ ಸಾಗಿಸಲು ಮಾತ್ರ. ಕೆಲಸಕ್ಕೆ ನಿಲ್ಲಿಸಿದ ಮೇಲೆ ನಾಲ್ಕು ಮೂಲೆಯ ಸ್ಕ್ರೂ ಜ್ಯಾಕ್ ಇಳಿಸಿ ಗಾಲಿಯ ಭಾರ ತೆಗೆಯಬೇಕು.

ಸಾಗಿಸುವಾಗ ಕಂಬದ ಕಡೆಯನ್ನು ಮುಂದೆ ಮಾಡಿ ಎಳೆಯಿರಿ. ಇಂಜಿನ್ ಕಡೆಯನ್ನು ಮುಂದೆ ಮಾಡಿ ತಳ್ಳಿದರೆ, ಭಾರ ಹೊತ್ತ ಮುಂದಿನ ಗಾಲಿ ಸಂದಿಗೆ ಸಿಕ್ಕ ಕ್ಷಣ ಇಡೀ ಸ್ಟ್ಯಾಂಡ್ ಅದರ ಮೇಲಿಂದ ಮಗುಚುತ್ತದೆ. ಕೇಂದ್ರ ಅಲ್ಲಿಂದ ಒಂದು ಗೇಣಷ್ಟೇ ಹಿಂದಿರುತ್ತದೆ.

ಕಂಬ ಮತ್ತು ಬೆಸುಗೆ

ಕೇಂದ್ರ ಕಂಬದಿಂದ 600 ಮಿಮೀ ದೂರ, ಇಂಜಿನ್ 500 ಕೆಜಿ ಆದರೆ ಕಂಬದ ಬುಡಕ್ಕೆ ಸುಮಾರು 2,940 ನ್ಯೂಟನ್-ಮೀಟರ್ ಬಾಗುಬಲ ಬೀಳುತ್ತದೆ. 75×75 ಮಿಮೀ ಚೌಕ ಪೈಪಿನ ಗೋಡೆ 3 ಮಿಮೀ ಇದ್ದರೆ ಅದರಲ್ಲಿ ಹುಟ್ಟುವ ಒತ್ತಡ ಸುಮಾರು 148 ಮೆಗಾಪ್ಯಾಸ್ಕಲ್. ಗಾಲಿ ಗುಂಡಿಗೆ ಬಿದ್ದರೆ ಆ ಕ್ಷಣ ಅದು ಎರಡು ಪಟ್ಟಾಗಬಹುದು, 296. ಸಾಮಾನ್ಯ ಎಂಎಸ್ 250ರ ಸುಮಾರಿಗೇ ಶಾಶ್ವತವಾಗಿ ಬಾಗುತ್ತದೆ. ಗೋಡೆ 5 ಮಿಮೀ ಆದರೆ ಒತ್ತಡ 96, 100×100×5 ಪೈಪಾದರೆ 51. ಹೊರಗಿನಿಂದ ಎಲ್ಲ ಪೈಪೂ ಒಂದೇ ತರ ಕಾಣುತ್ತದೆ, ಕೊನೆಯ ಮುಚ್ಚಳ ತೆಗೆದು ವರ್ನಿಯರ್ ಹಾಕಿದರೆ ಮಾತ್ರ ಗೋಡೆಯ ದಪ್ಪ ಗೊತ್ತಾಗುತ್ತದೆ.

ಬಿರುಕು ಮೊದಲು ಕಾಣುವುದು ಕಂಬದ ಬುಡದಲ್ಲಿ, ತ್ರಿಕೋನದ ಆಸರೆಪಟ್ಟಿ ಮುಗಿಯುವ ತುದಿಯಲ್ಲಿ, ಇಂಜಿನ್ ಇರುವುದಕ್ಕೆ ವಿರುದ್ಧ ಬದಿಗೆ. ಪೇಂಟಿನಲ್ಲಿ ಕೂದಲೆಳೆಯ ಗೆರೆ, ಅದರಿಂದ ಕಂದು ನೀರು ಒಸರಿದ ಕಲೆ ಇದ್ದರೆ ಇಂಜಿನ್ ಇಳಿಸಿ. ಪೇಂಟ್ ಕೆರೆದು, ಸ್ವಚ್ಛಮಾಡಿ, ಕೆಂಪು ಡೈ ಹೊಡೆದು ಹತ್ತು ನಿಮಿಷ ಬಿಡಿ, ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಬೆಸುಗೆಯಲ್ಲಷ್ಟೇ ಬಿರುಕಿದ್ದರೆ ಬುಡದವರೆಗೆ ಅರೆದು ತೆಗೆದು, ಒಣಗಿಸಿದ 7018 ರಾಡಿನಿಂದ ಬೆಸೆದು, 10 ಮಿಮೀ ಆಸರೆಪಟ್ಟಿ ಹಾಕಿಸಿ. ಮೇಲೊಂದು ಸಾಲು ಬೆಸುಗೆ ಎಳೆದು ಮುಚ್ಚುವುದರಿಂದ ಬಿರುಕು ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ. ಬಿರುಕು ಪೈಪಿನ ಗೋಡೆಗೇ ಹರಡಿದ್ದರೆ ಆ ಕಂಬ ಗುಜರಿಗೆ.

ಎತ್ತುವಾಗಲೇ ವಾಲುತ್ತಿದ್ದರೆ

ಕೊಕ್ಕೆ ಕೇಂದ್ರದ ನೇರ ಮೇಲಿಲ್ಲ, ಅಷ್ಟೇ. ಪಟ್ಟಾದ ಉದ್ದ ಸರಿಪಡಿಸಿ. ಪಟ್ಟಾದ ಎರಡು ಎಳೆ ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ 500 ಕೆಜಿ ಇಂಜಿನ್ನಿಗೆ ಒಂದೊಂದು ಎಳೆ 289 ಕೆಜಿ ಹೊರುತ್ತದೆ, 45 ಡಿಗ್ರಿಯಲ್ಲಿ 354, 30 ಡಿಗ್ರಿಯಲ್ಲಿ ಪೂರಾ 500. ನೇರಳೆ ಬಣ್ಣದ ಪಟ್ಟಾ 1 ಟನ್, ಹಸಿರು 2 ಟನ್, ಹಳದಿ 3 ಟನ್. ಬಣ್ಣ ಸರಿಯಿದ್ದರೂ ಅಂಚು ಕೊಯ್ದಿದ್ದರೆ, ಲೇಬಲ್ ಕಿತ್ತಿದ್ದರೆ ಬಳಸಬೇಡಿ. ಐ-ಬೋಲ್ಟನ್ನು ಓರೆಯಾಗಿ ಎಳೆದರೆ ಅದರ ಶಕ್ತಿ ಮೂರರಲ್ಲೊಂದು ಪಾಲಿಗೂ ಇಳಿಯಬಹುದು, ಕುತ್ತಿಗೆಯಲ್ಲಿ ಚಪ್ಪಟೆ ಭುಜವಿಲ್ಲದ ಐ-ಬೋಲ್ಟನ್ನಂತೂ ಓರೆಗೆ ಎಳೆಯಲೇಬಾರದು. ಸ್ಟ್ಯಾಂಡಿಗೆ ಕಟ್ಟಿದ ಮೇಲೆ ಭಾರವನ್ನು ಒಮ್ಮೆಲೇ ಬಿಡದೆ, ಕಪ್ಪಿ ಸ್ವಲ್ಪ ಸ್ವಲ್ಪ ಇಳಿಸುತ್ತಾ ಪ್ರತಿ ಹಂತದಲ್ಲಿ ಮೇಲಿನ ಪಾದಗಳಿಗೆ ಫೀಲರ್ ಹಾಕಿ. ಪೂರ್ತಿ ಬಿಟ್ಟ ಮೇಲೂ ಪಟ್ಟಾ ಒಂದು ಗಂಟೆ ಅಲ್ಲೇ ಇರಲಿ.

ಈ ಸ್ಟ್ಯಾಂಡಿಗೆ ಸೇರದ ಇಂಜಿನ್

ಟೈಮಿಂಗ್ ಗೇರುಗಳು ಹಿಂಭಾಗದಲ್ಲಿರುವ ಇಂಜಿನ್ನನ್ನು ಹಿಂದಿನಿಂದ ಕಟ್ಟಿದರೆ ಕೆಲಸವೇ ನಡೆಯುವುದಿಲ್ಲ. ಅದಕ್ಕೆ ಬ್ಲಾಕಿನ ಪಕ್ಕದ ಮೌಂಟಿಂಗ್ ತೂತುಗಳಿಂದ ಹಿಡಿಯುವ ಸ್ಟ್ಯಾಂಡ್ ಬೇಕು. ಪಕ್ಕದಿಂದ ಹಿಡಿದಾಗ ಕೇಂದ್ರ ಕಂಬಕ್ಕೆ ಹತ್ತಿರ ಬರುವುದರಿಂದ ಬಾಗುಬಲ ಬಹಳಷ್ಟು ಇಳಿಯುತ್ತದೆ. 600 ಕೆಜಿ ದಾಟಿದರೆ ಎರಡೂ ತುದಿ ಹಿಡಿಯುವ ಜೋಡಿ ಕಂಬದ ಸ್ಟ್ಯಾಂಡ್. ಕಮ್ಮಿನ್ಸ್ ಎನ್‌ಟಿ-855ರಂಥ ಜನರೇಟರ್ ಮತ್ತು ಹಡಗಿನ ಇಂಜಿನ್ 1,200 ಕೆಜಿಗೂ ಮೇಲೆ ತೂಗುತ್ತದೆ. ಅದರ ಜಾಗ ನೆಲದ ಮೇಲೆ: 150 ಮಿಮೀ ಐಎಸ್‌ಎಂಸಿ ಚಾನಲ್‌ನಲ್ಲಿ ಮಾಡಿದ ತೊಟ್ಟಿಲಿನಲ್ಲಿ, ಅದರದೇ ಮೌಂಟಿಂಗ್ ಪಾದಗಳ ಮೇಲೆ ನಿಲ್ಲಿಸಿ, ನಾಲ್ಕೂ ಪಾದಕ್ಕೆ ಬೋಲ್ಟ್ ಹಾಕಿ ಬಿಚ್ಚಬೇಕು.